ಹೊಲ, ಹಕ್ಕಿ, ಚಂದ್ರನಲ್ಲಿ ದೇವರ ನಂಬಿಗಸ್ತಿಕೆ ನೋಡುವುದು ಹೇಗೆ? ನಮ್ಮ ಕಡೆಯವರಿಗೊಂದು ಮಾರ್ಗದರ್ಶಿ

ಆರಾಧನೆ ಮುಗಿದು ಚಪ್ಪಲಿ ಹುಡುಕುವಾಗ ಯಾರಾದರೂ ಒಬ್ಬರು ಬಂದು ಕೇಳುವ ಪ್ರಶ್ನೆ ಇದು. "ಸೃಷ್ಟಿಯಲ್ಲಿ ದೇವರ ನಂಬಿಗಸ್ತಿಕೆ ಕಾಣುತ್ತದೆ ಅಂತ ಪಾಸ್ಟರ್ ಹೇಳುತ್ತಾರೆ. ನಮಗೆ ಕಾಣೋದು ಬರೀ ಬಿಸಿಲು, ಧೂಳು, ಜಾಲಿ ಗಿಡ. ಎಲ್ಲಿ ನೋಡಬೇಕು?" ಕಲಬುರಗಿಯಲ್ಲೂ ಕೇಳಿದ್ದಾರೆ, ಬೀದರಿನಲ್ಲೂ ಕೇಳಿದ್ದಾರೆ. ಪ್ರತಿ ಸಲ ನಿಂತ ಕಾಲಲ್ಲೇ ಎರಡು ಮಾತು ಹೇಳಿ ಕಳಿಸುತ್ತಿದ್ದೆ. ಸಾಲಲಿಲ್ಲ ಅನ್ನಿಸಿ ಈಗ ಕೂತು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ. ಈ ವಿಷಯ ಬಂದಾಗ ಜಾಸ್ತಿ ಮಂದಿ ಜಲಪಾತ, ಹಿಮದ ಬೆಟ್ಟ, ಸಮುದ್ರದ ಫೋಟೊ ಹಾಕಿ ಮೇಲೊಂದು ವಾಕ್ಯ ಬರೆಯುತ್ತಾರೆ. ನಮ್ಮಲ್ಲಿ ಅವು ಯಾವುವೂ ಇಲ್ಲ, ಬೇಕಾಗಿಯೂ ಇಲ್ಲ. ಬೆರಗು ಬೇರೆ, ನಂಬಿಗಸ್ತಿಕೆ ಬೇರೆ. ಬೆರಗು ಒಂದು ಸಲ ನೋಡಿದರೆ ಹುಟ್ಟುತ್ತದೆ. ನಂಬಿಗಸ್ತಿಕೆ ಗೊತ್ತಾಗಬೇಕಾದರೆ ಒಂದೇ ವಸ್ತುವನ್ನು ಮತ್ತೆ ಮತ್ತೆ ನೋಡಬೇಕು. ಅದು ಮರಳಿ ಬಂತಾ ಅಂತ ಕಾಯಬೇಕು.

ಪದದ ಅರ್ಥ ಸರಿ ಮಾಡಿಕೊಳ್ಳಿ

ನಂಬಿಕೆ, ನಂಬಿಗಸ್ತಿಕೆ ಎರಡನ್ನೂ ನಾವು ಕಲಸಿಬಿಡುತ್ತೇವೆ. ನಂಬಿಕೆ ನಮ್ಮ ಕಡೆಯದು, ನಾವು ಇಡುವಂಥದ್ದು. ನಂಬಿಗಸ್ತಿಕೆ ಅಂದರೆ ನಂಬಿದವರನ್ನು ಕೈಬಿಡದ ಗುಣ. ಊರಲ್ಲಿ "ಅವ ನಂಬಿಗಸ್ತ ಮನುಷ್ಯ" ಅಂದರೆ ಮನೆ ಕೀಲಿ ಕೊಟ್ಟು ಜಾತ್ರೆಗೆ ಹೋಗಬಹುದು ಅಂತ ಅರ್ಥ, ಅಲ್ವಾ? ಹಾಗೆ.

ಹಳೆ ಒಡಂಬಡಿಕೆಯ ಇಬ್ರಿಯ ಭಾಷೆಯಲ್ಲಿ ಇದಕ್ಕೆ 'ಎಮುನಾ' ಅನ್ನುತ್ತಾರೆ. ಪ್ರಾರ್ಥನೆ ಕೊನೆಗೆ ನಾವು ಹೇಳುವ 'ಆಮೆನ್' ಕೂಡ ಅದೇ ಬೇರಿನದು. ವಿಮೋಚನಕಾಂಡ 17:12 ತೆಗೆದು ನೋಡಿ. ಯುದ್ಧ ನಡೆದಿದೆ, ಮೋಶೆಯ ಕೈ ಸೋತಿದೆ, ಆರೋನ ಹೂರರು ಆ ಕಡೆ ಈ ಕಡೆ ನಿಂತು ಕೈ ಎತ್ತಿ ಹಿಡಿದಿದ್ದಾರೆ. ಹೊತ್ತು ಮುಳುಗುವ ತನಕ ಆ ಕೈ ಅಲುಗಲಿಲ್ಲ ಅನ್ನುವುದಕ್ಕೆ ಅಲ್ಲಿ ಬಳಸಿರುವ ಪದ ಇದೇ. ಆದ್ದರಿಂದ ನೀವು ಹುಡುಕಬೇಕಾದ್ದು ಥಳಥಳ ಹೊಳೆಯುವುದನ್ನಲ್ಲ, ಅಲುಗದೆ ನಿಂತದ್ದನ್ನು.

ಏನೇನು ಬೇಕು

ಒಂದು ಇನ್ನೂರು ಪುಟದ ನೋಟ್‌ಬುಕ್, ಪೆನ್ನು, ಸತ್ಯವೇದ. ದಿನಕ್ಕೆ ಹತ್ತು ನಿಮಿಷ. ದುರ್ಬೀನು ಇದ್ದರೆ ಹಕ್ಕಿ ನೋಡಲು ಅನುಕೂಲ, ಇಲ್ಲದಿದ್ದರೆ ಕೊಳ್ಳಬೇಡಿ. ಮೊಬೈಲು ಮನೆಯಲ್ಲಿರಲಿ, ಕನಿಷ್ಠ ಕಿಸೆಯಲ್ಲಿರಲಿ. ಕೈಯಲ್ಲಿ ಕ್ಯಾಮೆರಾ ಇದ್ದರೆ ಕಣ್ಣು ನೋಡುವುದನ್ನು ಬಿಟ್ಟು ಚೌಕಟ್ಟು ಹುಡುಕುತ್ತದೆ. ಇದು ನನ್ನದೇ ಅನುಭವ. ಎರಡು ವರ್ಷ ತೆಗೆದ ಸಾವಿರ ಫೋಟೊಗಳಲ್ಲಿ ನನಗೆ ಒಂದೂ ನೆನಪಿಲ್ಲ, ನೋಟ್‌ಬುಕ್ಕಿನ ಸಾಲುಗಳು ನೆನಪಿವೆ.

ಇನ್ನೂ ಒಂದು ಬೇಕು, ಅದು ಅಂಗಡಿಯಲ್ಲಿ ಸಿಗುವುದಿಲ್ಲ: ಒಂದು ವರ್ಷ. ವಾರದಲ್ಲಿ ಮುಗಿಸುವ ಆಸೆ ಇದ್ದರೆ ಇದು ನಿಮಗಲ್ಲ.

ಹಂತ 1: ಒಂದೇ ಜಾಗ ಹಿಡಿಯಿರಿ

ಮನೆ ಮಾಳಿಗೆ ಸಾಕು. ಕಲಬುರಗಿ ಪೇಟೆಯಲ್ಲಿ ಇರುವವರಿಗೆ ಅಪ್ಪನ ಕೆರೆಯ ದಂಡೆ ಇದೆ. ಬೀದರಿನವರಿಗೆ ಕೋಟೆಯ ಅಂಚು ಇದೆ, ಅಲ್ಲಿ ನಿಂತರೆ ಕೆಳಗಿನ ಬಯಲು ದೂರದ ತನಕ ಕಾಣುತ್ತದೆ. ಯಾದಗಿರಿಯವರಿಗೆ ಭೀಮಾ ದಂಡೆ, ಇಲ್ಲವೇ ಕೋಟೆ ಗುಡ್ಡದ ಬುಡ. ಹೊಲ ಇರುವವರು ಅದೃಷ್ಟವಂತರು, ಬದುವಿನ ಮೇಲೆ ಒಂದು ಕಲ್ಲು ನೋಡಿಕೊಳ್ಳಿ.

ಎಚ್ಚರ: ವಾರಕ್ಕೊಂದು ಹೊಸ ಜಾಗ ಹುಡುಕಬೇಡಿ. ಜಾಗ ಬದಲಾದರೆ ಏನು ಮರಳಿ ಬಂತು, ಏನು ಬರಲಿಲ್ಲ ಅಂತ ಗೊತ್ತೇ ಆಗುವುದಿಲ್ಲ.

ಹಂತ 2: ಸೂರ್ಯ ಎಲ್ಲಿ ಹುಟ್ಟುತ್ತಾನೆ, ಗುರುತು ಹಾಕಿ

"ಪೂರ್ವದಲ್ಲಿ" ಅಂತ ಎಲ್ಲರೂ ಹೇಳುತ್ತೇವೆ. ಸರಿಯಾಗಿ ಪೂರ್ವಕ್ಕೆ ಹುಟ್ಟುವುದು ವರ್ಷದಲ್ಲಿ ಎರಡೇ ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನ ಮೂರನೇ ನಾಲ್ಕನೇ ವಾರದ ಸುಮಾರಿಗೆ. ಉಳಿದ ದಿನ ಅವನು ಆ ಕಡೆ ಈ ಕಡೆ ಸರಿಯುತ್ತಿರುತ್ತಾನೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು 10 ಡಿಗ್ರಿ ಆಗುತ್ತದೆ. ನಮ್ಮ ಮೂರೂ ಜಿಲ್ಲೆಗಳಿಂದ ನೋಡಿದರೆ ಜೂನ್ 21ರ ಸೂರ್ಯೋದಯಕ್ಕೂ ಡಿಸೆಂಬರ್ 21ರ ಸೂರ್ಯೋದಯಕ್ಕೂ ಹತ್ತಿರ ಹತ್ತಿರ ಐದು ಮುಷ್ಟಿ ಅಂತರ. ಮಾರ್ಚ್ ತಿಂಗಳಲ್ಲಿ ಸರಿಯುವ ವೇಗ ಜಾಸ್ತಿ, ದಿನಕ್ಕೆ ಒಂದು ಸೂರ್ಯನ ಅಗಲಕ್ಕೆ ಸ್ವಲ್ಪ ಕಮ್ಮಿ. ಜೂನ್, ಡಿಸೆಂಬರಿನಲ್ಲಿ ನಿಂತೇ ಬಿಟ್ಟನೇನೋ ಅನ್ನಿಸುತ್ತದೆ, ಆಮೇಲೆ ತಿರುಗುತ್ತಾನೆ.

ಮಾಡಬೇಕಾದ್ದು ಇಷ್ಟೇ. ನಿಮ್ಮ ಜಾಗದಿಂದ ಕಾಣುವ ನೀರಿನ ಟ್ಯಾಂಕ್, ಬೇವಿನ ಮರ, ಟವರ್, ಗುಮ್ಮಟ ಎಲ್ಲವನ್ನೂ ನೋಟ್‌ಬುಕ್ಕಿನ ಎರಡು ಪುಟಕ್ಕೆ ಅಡ್ಡಲಾಗಿ ಗೀಚಿಕೊಳ್ಳಿ. ವಾರಕ್ಕೊಮ್ಮೆ ಸೂರ್ಯ ಯಾವುದರ ಪಕ್ಕದಲ್ಲಿ ಎದ್ದ ಅಂತ ಚುಕ್ಕೆ ಇಟ್ಟು ತಾರೀಖು ಬರೆಯಿರಿ. ಸೂರ್ಯನನ್ನೇ ದಿಟ್ಟಿಸಬೇಡಿ, ಕಣ್ಣು ಹಾಳಾಗುತ್ತದೆ. ಮೊದಲ ಅಂಚು ಮೂಡಿದ ಜಾಗ ನೋಡಿ ಕಣ್ಣು ತಿರುಗಿಸಿಬಿಡಿ. ಮೋಡದ ವಾರ ಬಂದರೆ "ಮೋಡ" ಅಂತ ಬರೆಯಿರಿ, ಊಹೆ ಮಾಡಿ ಚುಕ್ಕೆ ಇಡಬೇಡಿ.

ಮಕ್ಕಳಿದ್ದರೆ ಇನ್ನೊಂದು ಮಜಾ ಇದೆ. ಮೇ 7ರಿಂದ 12ರ ಒಳಗೆ ಒಂದು ದಿನ, ಆಗಸ್ಟ್ 1ರಿಂದ 6ರ ಒಳಗೆ ಇನ್ನೊಂದು ದಿನ ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಮಧ್ಯಾಹ್ನ 12.15ರಿಂದ 12.30ರ ನಡುವೆ ಒಂದು ತಂಬಿಗೆ ಬಿಸಿಲಲ್ಲಿಟ್ಟು ನೋಡಿ. ನೆರಳು ಸುತ್ತ ಎಲ್ಲೂ ಬೀಳದೆ ತಂಬಿಗೆಯ ಬುಡದಲ್ಲೇ ಅಡಗುತ್ತದೆ. ಯಾದಗಿರಿಯಲ್ಲಿ ಮೇ ತಿಂಗಳಲ್ಲಿ ಸ್ವಲ್ಪ ಮೊದಲು, ಬೀದರಿನಲ್ಲಿ ಸ್ವಲ್ಪ ತಡ. ಆಗಸ್ಟಿನಲ್ಲಿ ಉಲ್ಟಾ, ಬೀದರಿಗೆ ಮೊದಲು. ಮೋಡ ಅಡ್ಡ ಬಂದರೆ ಮುಂದಿನ ವರ್ಷ.

ಇದರ ಜೊತೆ ಓದಲು: ಯೆರೆಮೀಯ 31:35-36, 33:20-21. ಹಗಲು ರಾತ್ರಿಯ ಕಟ್ಟಳೆ ತಪ್ಪಿದ ದಿನ ಮಾತ್ರ ನನ್ನ ಒಡಂಬಡಿಕೆ ತಪ್ಪುತ್ತದೆ ಅಂತ ದೇವರು ಅಲ್ಲಿ ಹೇಳುತ್ತಾನೆ. ಒಡಂಬಡಿಕೆ ಅಂದರೆ ದೇವರು ತಾನಾಗಿ ಜನರ ಜೊತೆ ಮಾಡಿಕೊಂಡ ಕರಾರು. ನಿಮ್ಮ ಪುಟದಲ್ಲಿ ಚುಕ್ಕೆಗಳು ಹೋಗಿ, ತಿರುಗಿ, ಅದೇ ಬೇವಿನ ಮರಕ್ಕೆ ವಾಪಸು ಬಂದ ಮೇಲೆ ಆ ವಾಕ್ಯ ಓದಿ ನೋಡಿ. ಮೊದಲೇ ಓದಿದರೆ ಅಷ್ಟು ತಾಕುವುದಿಲ್ಲ.

ಹಂತ 3: ಚಂದ್ರ ಎಂಬ ಸಾಕ್ಷಿ

ಕೀರ್ತನೆ 89:37 ಚಂದ್ರನನ್ನು ಆಕಾಶದ ನಂಬಿಗಸ್ತ ಸಾಕ್ಷಿ ಅನ್ನುವ ಹಾಗೆ ಹೇಳುತ್ತದೆ. ಕೋರ್ಟಿಗೆ ಅಲೆದವರಿಗೆ ಗೊತ್ತು, ಸಾಕ್ಷಿ ಯಾವಾಗ ತಿರುಗಿಬೀಳುತ್ತಾನೋ ಹೇಳಲಾಗುವುದಿಲ್ಲ. ಈ ಸಾಕ್ಷಿ ಮಾತ್ರ ಸುಮಾರು ಇಪ್ಪತ್ತೊಂಬತ್ತೂವರೆ ದಿನಕ್ಕೊಮ್ಮೆ ಹಾಜರಾಗಿ ಅದೇ ಹೇಳಿಕೆ ಕೊಡುತ್ತಾನೆ.

ಹುಣ್ಣಿಮೆ ದಿನ ಹೊತ್ತು ಮುಳುಗುವಾಗ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಈ ಕಡೆ ಸೂರ್ಯ ಇಳಿಯುತ್ತಿದ್ದಂತೆ ಆ ಕಡೆ ಚಂದ್ರ ಏಳುತ್ತಾನೆ. ಮಾರನೇ ದಿನ ಅದೇ ಹೊತ್ತಿಗೆ ನಿಂತರೆ ಇರುವುದಿಲ್ಲ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ತಡವಾಗಿ ಬರುತ್ತಾನೆ. ಹೀಗೆ ತಡವಾಗುತ್ತಾ ಹೋಗಿ ಅಮಾವಾಸ್ಯೆಗೆ ಪೂರ್ತಿ ಕಾಣೆ. ಇಲ್ಲಿ ಒಂದು ಸಾಲು ಬರೆದುಕೊಳ್ಳಿ: ಕಾಣದ ರಾತ್ರಿಯೂ ಲೆಕ್ಕದ ಒಳಗೇ ಇದೆ. ಏಳನೇ ಹಂತಕ್ಕೆ ಇದು ಬೇಕಾಗುತ್ತದೆ.

ಪಕ್ಕದ ಮನೆಯವರು ಈದಿಗೆ ಚಾಂದ್ ನೋಡುತ್ತಾರೆ, ಎದುರು ಮನೆಯವರು ಹುಣ್ಣಿಮೆ ಮಾಡುತ್ತಾರೆ. ನಮಗೆ ಚಂದ್ರನ ಹಂಗಿಲ್ಲ ಅಂತ ಕ್ರೈಸ್ತರು ಅಂದುಕೊಂಡಿರುತ್ತೇವೆ. ಇದೆ. ಈಸ್ಟರ್ ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ ಬರುವುದು ಯಾಕೆ? ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಆದ ಮೇಲಿನ ಮೊದಲ ಭಾನುವಾರ ಅಂತ ಸಭೆಯ ಲೆಕ್ಕ. ಅದಕ್ಕೇ ಎಷ್ಟೋ ವರ್ಷ ಗುಡ್ ಫ್ರೈಡೇ ರಾತ್ರಿ ಮನೆಗೆ ಹೋಗುವಾಗ ತಲೆ ಎತ್ತಿದರೆ ದೊಡ್ಡ ಚಂದ್ರ ಇರುತ್ತಾನೆ.

ಹಂತ 4: ಹೊಲಕ್ಕೆ ಇಳಿಯಿರಿ

ಇದೇ ನಿಜವಾದ ಪಾಠಶಾಲೆ, ಇಲ್ಲಿ ಅವಸರ ಮಾಡಬೇಡಿ. ಹೊಲ ಇಲ್ಲದವರು ನೆಂಟರ ಹೊಲಕ್ಕೆ ಹೋಗಿ. ವರ್ಷದಲ್ಲಿ ನಾಲ್ಕು ಸಲ ಸಾಕು: ಮೇ, ಜುಲೈ ಕೊನೆ, ನವೆಂಬರ್, ಜನವರಿ.

ಮೇ ತಿಂಗಳಲ್ಲಿ ಎರೆ ಭೂಮಿ, ಅಂದರೆ ನಮ್ಮ ಕರಿ ಮಣ್ಣಿನ ಹೊಲ, ಬಾಯಿ ಬಿಟ್ಟಿರುತ್ತದೆ. ಬಿರುಕಿನಲ್ಲಿ ಕೋಲು ಇಳಿಸಿದರೆ ಮೊಳ ಮುಳುಗುತ್ತದೆ. ನೋಡಿದವರು ಸತ್ತ ನೆಲ ಅಂತಾರೆ. ಈ ಮಣ್ಣಿನ ಜೇಡಿ ಒಣಗಿದರೆ ಕುಗ್ಗುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಮೇಲಿನ ಪುಡಿ ಮಣ್ಣು ಬಿರುಕಿನೊಳಗೆ ಬೀಳುತ್ತದೆ, ಮೊದಲ ಮಳೆ ನೀರು ಸೀದಾ ಆಳಕ್ಕೆ ಇಳಿಯುತ್ತದೆ, ಆಮೇಲೆ ಬಿರುಕು ಮುಚ್ಚಿಕೊಂಡು ಒಳಗಿನ ಹಸಿ ಒಳಗೇ ಉಳಿಯುತ್ತದೆ. ಹೀಗೆ ಎತ್ತಿಲ್ಲದೆ ನೇಗಿಲಿಲ್ಲದೆ ಮಣ್ಣು ತನ್ನನ್ನು ತಾನೇ ಮೇಲೆ ಕೆಳಗೆ ಮಾಡಿಕೊಳ್ಳುತ್ತದೆ. ಬಿರುಕು ಕಂಡರೆ ಬರದ ಗುರುತು ಅಂತ ಎಲ್ಲರೂ ಫೋಟೊ ಹಾಕುತ್ತಾರಲ್ಲ, ಅದೇ ಬಿರುಕು ಮಳೆಗೆ ತೆರೆದಿಟ್ಟ ಬಾಗಿಲು ಕೂಡ ಹೌದು.

ಮಿರಗ ಮಳೆ ಬಿದ್ದ ಮಾರನೇ ಬೆಳಗ್ಗೆ ತಪ್ಪಿಸಬೇಡಿ. ಮೃಗಶಿರಾ ಮಳೆಗೆ ನಮ್ಮ ಕಡೆ ಮಿರಗ ಅಂತಾರೆ, ಜೂನ್ ಮೊದಲ ಹತ್ತು ದಿನದ ಒಳಗೆ ಹುಟ್ಟುತ್ತದೆ. ಕೆಂಪು ಮಖಮಲ್ಲಿನ ಚೂರಿನಂಥ ಹುಳ ನೆಲದ ತುಂಬ ಹರಿದಾಡುತ್ತಿರುತ್ತವೆ. ವರ್ಷದ ಬಹುಭಾಗ ಮಣ್ಣೊಳಗೆ ಅಡಗಿದ್ದವು, ಹಸಿ ತಾಕಿದ ಕೂಡಲೇ ಎದ್ದವು. ರಾತ್ರಿ ಕಪ್ಪೆಗಳ ಗದ್ದಲ ಕೇಳಿ. ಅವೂ ನೆಲದಡಿ ಕಾದು ಕುಳಿತಿದ್ದವೇ. ಎದ್ದ ತಾರೀಖು ಬರೆದಿಡಿ.

ಜುಲೈ ಕೊನೆಯಲ್ಲಿ ತೊಗರಿ ನೋಡಿ. ನಿರಾಸೆ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಪಕ್ಕದ ಸಾಲಿನ ಹೆಸರು, ಉದ್ದು ಸೊಂಪಾಗಿ ಎದ್ದಿರುತ್ತವೆ, ತೊಗರಿ ಇನ್ನೂ ಗಿಡ್ಡಕ್ಕೆ ಸುಮ್ನೆ ನಿಂತಿರುತ್ತದೆ. ಮೇಲೆ ನಿಧಾನ, ಕೆಳಗೆ ಜೋರು. ಬೇರು ಇಳಿಸುವುದೇ ಅದರ ಮೊದಲ ಕೆಲಸ. ಮಳೆ ನಿಂತ ಮೇಲೂ ನವೆಂಬರಿನಲ್ಲಿ ಹೂ ಹಿಡಿದು ನಿಲ್ಲುವುದು ಆ ಬೇರಿನ ದೆಸೆಯಿಂದಲೇ. ಹೊಲದವರನ್ನು ಕೇಳಿ ಒಂದು ಗಿಡವನ್ನು ಸಲಿಕೆಯಿಂದ ಸುತ್ತ ಅಗೆದು ಮಣ್ಣಿನ ಗಡ್ಡೆ ಸಮೇತ ಎತ್ತಿಸಿ. ಕಿತ್ತು ಎಳೆಯಬೇಡಿ, ನೋಡಬೇಕಾದ್ದು ಹರಿದು ಮಣ್ಣಲ್ಲೇ ಉಳಿಯುತ್ತದೆ. ನೀರಲ್ಲಿ ಮೆಲ್ಲಗೆ ತೊಳೆದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ ಅಂತ. ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು, ಅಂದರೆ ಯೂರಿಯಾದಲ್ಲಿ ನಾವು ದುಡ್ಡು ಕೊಟ್ಟು ತರುವ ಅದೇ ಸತ್ವವನ್ನು, ಗಿಡಕ್ಕೆ ಉಣ್ಣಿಸುತ್ತಿರುತ್ತವೆ. ಆ ಕೆಂಪು ನಮ್ಮ ರಕ್ತದ ಕೆಂಪಿಗೆ ಹತ್ತಿರದ ಸಂಬಂಧಿ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ, ಅವು ಗಿಡಕ್ಕೆ ಸಾರಜನಕ ಕೊಡುತ್ತವೆ, ಇಡೀ ವ್ಯವಹಾರ ಕತ್ತಲಲ್ಲಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಇದು ಈ ನೆಲದ್ದೇ ಮಾಲು ಅನ್ನುವ ಸರ್ಕಾರಿ ಮುದ್ರೆ ಸಿಕ್ಕಿತು. ಖರೇ ಹೇಳಬೇಕಂದರೆ ಆ ಮುದ್ರೆಯಲ್ಲಿ ಅರ್ಧ ಪಾಲು ಈ ಗಂಟುಗಳಿಗೆ ಸೇರಬೇಕು.

ಹಗಲು ಗಿಡ್ಡಾಗುತ್ತಾ ಬಂದ ಹಾಗೆ ತೊಗರಿ ಹೂವಿಗೆ ಬರುತ್ತದೆ. ಎರಡನೇ ಹಂತದ ನಿಮ್ಮ ಚುಕ್ಕೆಗಳು ತೆಂಕಣಕ್ಕೆ ಸರಿಯುತ್ತಿರುವಾಗಲೇ ಹೊಲ ಹಳದಿ ಆಗುತ್ತದೆ. ಎರಡೂ ಪುಟ ಪಕ್ಕಪಕ್ಕ ಇಟ್ಟು ನೋಡಿ.

ಜನವರಿಯದು ಹಿಂಗಾರಿ ಜೋಳದ ಭೇಟಿ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಗೆಳೆಯರು ಹೊಲಕ್ಕೆ ಊಟಕ್ಕೆ ಕರೆದರೆ ಅವತ್ತೇ ಹೋಗಿಬಿಡಿ, ಸಜ್ಜಿ ರೊಟ್ಟಿ ಭಜ್ಜಿ ಪಲ್ಯದ ಜೊತೆ ಪಾಠವೂ ಆಗುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಬಿಳಿ ಜೋಳ ಆಮೇಲೆ ಮಳೆ ಕಾಣುವುದೇ ಅಪರೂಪ. ಮಣ್ಣು ಹಿಡಿದಿಟ್ಟ ಹಸಿಯ ಮೇಲೇ ಆಳೆತ್ತರ ಬೆಳೆದು ತೆನೆ ಬಿಡುತ್ತದೆ. ಆಗಸ್ಟಿನ ಮಳೆ ಜನವರಿಯಲ್ಲಿ ಸೀತನಿ ಆಗಿ ಕೈಗೆ ಬರುತ್ತದೆ. ಸೀತನಿ ಗೊತ್ತಿಲ್ಲದ ದೂರದೂರಿನವರಿಗೆ: ಹಾಲುಗಾಳಿನ ತೆನೆಯನ್ನು ಬೆಂಕಿಯಲ್ಲಿ ಸುಟ್ಟು ತಿಕ್ಕಿ ತಿನ್ನುವುದು. ಬಂದೇ ತಿನ್ನಬೇಕು, ಪಾರ್ಸೆಲ್ ಇಲ್ಲ.

ಓದಲು: ಆದಿಕಾಂಡ 8:22, ಅಪೊಸ್ತಲರ ಕೃತ್ಯಗಳು 14:17. ಎರಡನೆಯದರಲ್ಲಿ ಪೌಲ ಲುಸ್ತ್ರ ಅನ್ನುವ ಊರಿನಲ್ಲಿ ಧರ್ಮಶಾಸ್ತ್ರ ಗೊತ್ತಿಲ್ಲದ ಜನರ ಮುಂದೆ ನಿಂತಿದ್ದಾನೆ. ಅವರಿಗೆ ಅವನು ತೋರಿಸುವ ಸಾಕ್ಷಿ ಮಳೆ, ಸುಗ್ಗಿ, ಹೊಟ್ಟೆ ತುಂಬ ಅನ್ನ. ಅಷ್ಟೇ.

ಎಚ್ಚರ: ಸತ್ಯವೇದದ ಮಳೆಗಾಲವನ್ನು ನಮ್ಮ ಮಳೆಗಾಲ ಅಂದುಕೊಳ್ಳಬೇಡಿ. ಧರ್ಮೋಪದೇಶಕಾಂಡ 11:14ರಲ್ಲಿ ಮುಂಗಾರು ಹಿಂಗಾರು ಅಂತ ಓದಿದ ಕೂಡಲೇ ನಮಗೆ ಜೂನ್ ನೆನಪಾಗುತ್ತದೆ. ಇಸ್ರಾಯೇಲ್ ನಾಡಿನಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಅಲ್ಲಿನ ಮೊದಲ ಮಳೆ ಅಕ್ಟೋಬರ್, ನವೆಂಬರಿನಲ್ಲಿ ಬಿತ್ತನೆಗೆ, ಕೊನೆಯ ಮಳೆ ಮಾರ್ಚ್, ಏಪ್ರಿಲಿನಲ್ಲಿ ಕಾಳು ತುಂಬಲು. ಬೇಸಿಗೆಯಲ್ಲಿ ಹನಿ ಬಿದ್ದರೆ ಅಲ್ಲಿ ಸೋಜಿಗ. ಇದು ತಿಳಿದಿದ್ದರೆ ಎಷ್ಟೋ ವಾಕ್ಯ ತಾನಾಗಿ ಬಿಡಿಸಿಕೊಳ್ಳುತ್ತವೆ.

ಹಂತ 5: ಬಂದು ಹೋಗುವ ಹಕ್ಕಿ

ಯೆರೆಮೀಯ 8:7 ಮೊದಲು ಓದಿ. ಕೊಕ್ಕರೆಗೆ ತನ್ನ ಕಾಲ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ ಅನ್ನುವ ಬೈಗುಳ ಅದು. ಯೆರೆಮೀಯನ ನಾಡು ಯುರೋಪು ಆಫ್ರಿಕಾ ನಡುವೆ ಓಡಾಡುವ ಕೊಕ್ಕರೆಗಳ ದಾರಿಯಲ್ಲೇ ಇದೆ, ವರ್ಷಕ್ಕೆ ಎರಡು ಸಲ ತಲೆಯ ಮೇಲೆ ಹಾದು ಹೋಗುತ್ತವೆ. ಅವನು ಕಂಡದ್ದನ್ನೇ ಬರೆದಿದ್ದಾನೆ.

ನಮ್ಮಲ್ಲಿ ಸುರಪುರ ಹತ್ತಿರ ಬೋನಾಳ ಪಕ್ಷಿಧಾಮ ಇದೆ. ಚಳಿಗಾಲದಲ್ಲಿ ಒಂದು ಬೆಳಗ್ಗೆ ಕೆರೆ ದಂಡೆಯಲ್ಲಿ ಕೂತರೆ ಸಾಕು. ಅಷ್ಟು ದೂರ ಆಗದವರಿಗೆ ಇನ್ನೂ ಸುಲಭದ್ದಿದೆ. ಜೋಳದ ಹೊಲಗಳ ಮೇಲೆ ಹೊಗೆಯಂತೆ ತಿರುಗುವ ಹಿಂಡು ನೋಡಿದ್ದೀರಲ್ಲ? ಮೈನಾ ಜಾತಿ, ತಲೆ ರೆಕ್ಕೆ ಕಪ್ಪು, ಮೈ ನಸುಗೆಂಪು. ರೈತರು ಡಬ್ಬ ಬಡಿದು ಓಡಿಸುತ್ತಾರೆ, ಪಾಪ, ಅವರ ಕಷ್ಟ ಅವರಿಗೆ. ಆ ಹಕ್ಕಿ ಮರಿ ಮಾಡುವುದು ಮಧ್ಯ ಏಷ್ಯಾದ ಕಡೆ. ಮಳೆಗಾಲದ ನಡುವಿನಿಂದ ಭಾರತಕ್ಕೆ ಬರತೊಡಗಿ ಏಪ್ರಿಲಿನ ಹೊತ್ತಿಗೆ ಹೊರಟುಬಿಡುತ್ತವೆ. ಮೊದಲ ಹಿಂಡು ಕಂಡ ದಿನ, ಕೊನೆಯ ಹಿಂಡು ಕಂಡ ದಿನ, ಎರಡೇ ತಾರೀಖು ಬರೆಯಿರಿ.

ಹೆಸರು ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. "ಉದ್ದ ಕಾಲಿನ ಬೂದಿ ಹಕ್ಕಿ" ಅಂತ ಬರೆದರೂ ನಡೆಯುತ್ತದೆ.

ಹಂತ 6: ಕಲ್ಲಿನಿಂದ ಬರುವ ನೀರು

ಇದು ಬೀದರಿನವರಿಗೆ. ಊರು ನಿಂತಿರುವುದು ಕೆಂಪು ಮುರ ಕಲ್ಲಿನ ಮೇಲೆ. ಅದು ತೂತು ತೂತಿನ ಕಲ್ಲು, ಮಳೆ ನೀರನ್ನು ಸೋಸಿ ಒಳಗಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಗಟ್ಟಿ ಕರಿಕಲ್ಲಿನ ಪದರ. ನೀರು ಅಲ್ಲಿ ತಡೆದು ಅಡ್ಡ ಹರಿದು ಗುಡ್ಡದ ಬದಿಯಲ್ಲಿ ಒಸರುತ್ತದೆ. ನಾನಕ್ ಝರಾ ಹರಿಯುವುದು, ಪಾಪನಾಶದ ಕಡೆ ಹಸಿರಿರುವುದು ಇದೇ ಕಾರಣಕ್ಕೆ. ಬಹಮನಿ ಕಾಲದವರು ಇದನ್ನು ಬಲ್ಲವರಾಗಿಯೇ ನೌಬಾದಿನಲ್ಲಿ ಕರೇಜ್ ತೋಡಿದರು. ಕರೇಜ್ ಅಂದರೆ ನೆಲದಡಿ ನೀರು ತರುವ ಸುರಂಗ, ಮೇಲಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು.

ಇಲ್ಲೇ ಒಂದು ಪ್ರಶ್ನೆ ಏಳುತ್ತದೆ. "ಕಾರಣ ಗೊತ್ತಾಯಿತಲ್ಲ, ಇನ್ನು ದೇವರೆಲ್ಲಿ ಬಂದ?" ಕಾಲೇಜಿಗೆ ಹೋಗುವ ಹುಡುಗರು ಕೇಳುತ್ತಾರೆ, ಕೇಳಲಿ. ನನಗೆ ಅನ್ನಿಸುವುದು ಹೀಗೆ: ಕಾರಣ ಸಿಕ್ಕುವುದು ನಂಬಿಗಸ್ತಿಕೆಗೆ ವಿರುದ್ಧವಲ್ಲ. ಕಲ್ಲು ಇವತ್ತೊಂದು ರೀತಿ ನಾಳೆ ಒಂದು ರೀತಿ ನಡೆದುಕೊಂಡಿದ್ದರೆ ಕರೇಜ್ ತೋಡುವ ಧೈರ್ಯ ಯಾರಿಗಿತ್ತು? ಕಟ್ಟಳೆ ತಪ್ಪುವುದಿಲ್ಲ ಅನ್ನುವ ಭರವಸೆಯ ಮೇಲೇ ಅವರೂ ಗುದ್ದಲಿ ಹಾಕಿದ್ದು. ಕೀರ್ತನೆ 104:10 ಓದಿ.

ಹಂತ 7: ಬೆಳೆ ಹೋದ ವರ್ಷವನ್ನೂ ಬರೆಯಿರಿ

ಜಾಸ್ತಿ ಮಂದಿ ಎಡವುವುದು ಇಲ್ಲಿ. ಬೆಳೆ ಬಂದರೆ ದೇವರು ನಂಬಿಗಸ್ತ, ಹೋದರೆ ನಮ್ಮ ಪಾಪ ಅಂತ ಲೆಕ್ಕ ಹಾಕಿಬಿಡುತ್ತಾರೆ. ಅದಕ್ಕಿಂತ ಕೆಟ್ಟದ್ದು ಪಕ್ಕದವರ ಬೆಳೆ ಹೋದಾಗ ಅವರ ಪಾಪ ಅನ್ನುವುದು. 2020ರ ಅಕ್ಟೋಬರಿನಲ್ಲಿ ಭೀಮೆ ಏರಿ ದಂಡೆಯ ಊರುಗಳಿಗೆ ನುಗ್ಗಿದಳು. 2022-23ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿಯಿತು, ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗಿದವು. 2023ರಲ್ಲಿ ಬರ. ನಮ್ಮ ತಂದೆ ನೆಟೆ ಬಿದ್ದ ಹೊಲದ ಬದುವಿನಲ್ಲಿ ಕೂತು ಒಂದು ಮಾತೂ ಆಡದೆ ಎದ್ದು ಬಂದದ್ದು ನೋಡಿದ್ದೇನೆ. ಆ ಸಂಜೆ ಯಾರಾದರೂ ಬಂದು ವಾಕ್ಯ ಹೇಳಿದ್ದರೆ ನಾನೇ ಹೊರಗೆ ಕಳಿಸುತ್ತಿದ್ದೆ.

ಆದಿಕಾಂಡ 8:22ನ್ನು ಮತ್ತೆ ನಿಧಾನಕ್ಕೆ ಓದಿ. ಬಿತ್ತನೆ, ಕೊಯ್ಲು, ಚಳಿ, ಸೆಕೆ, ಹಗಲು, ರಾತ್ರಿ ನಿಲ್ಲುವುದಿಲ್ಲ ಅಂತ ಇದೆ. ನಿಮ್ಮ ನಾಲ್ಕು ಎಕರೆಗೆ ಈ ವರ್ಷ ಇಷ್ಟು ಚೀಲ ಅಂತ ಇಲ್ಲ. ಕೊಡದ ಮಾತನ್ನು ದೇವರ ಬಾಯಲ್ಲಿ ಇಟ್ಟು ಆಮೇಲೆ ಅವನು ತಪ್ಪಿದ ಅನ್ನುವುದು ನ್ಯಾಯವಲ್ಲ. ಮತ್ತಾಯ 5:45ರಲ್ಲಿ ಯೇಸು ಹೇಳುವ ಮಳೆಯೂ ಒಳ್ಳೆಯವರ ಹೊಲ ಕೆಟ್ಟವರ ಹೊಲ ಅಂತ ಬದು ನೋಡಿ ಸುರಿಯುವುದಿಲ್ಲ.

ಹಾಗಂತ ಸಂಕಟವನ್ನು ಮುಚ್ಚಿಡಿ ಅಂತಲೂ ಹೇಳುತ್ತಿಲ್ಲ. ಚಂದ್ರನನ್ನು ಸಾಕ್ಷಿ ಅಂದ ಅದೇ 89ನೇ ಕೀರ್ತನೆ ಕೊನೆಗೆ ಬರುವ ಹೊತ್ತಿಗೆ, 49ನೇ ವಚನದಲ್ಲಿ, ನಿನ್ನ ಹಿಂದಿನ ಕೃಪೆ ಎಲ್ಲಿ ಹೋಯಿತು ಅಂತ ದೇವರನ್ನೇ ಕೇಳುತ್ತದೆ. ಮುಂಜಾನೆ ಮುಂಜಾನೆಗೆ ಹೊಸದಾಗುವ ಕರುಣೆ ಅಂತ ನಾವು ಕ್ಯಾಲೆಂಡರಿನಲ್ಲಿ ಅಚ್ಚು ಹಾಕುವ ಪ್ರಲಾಪಗಳು 3:22-23 ಬಂದದ್ದು ಸುಖದ ಮನೆಯಿಂದಲ್ಲ, ಯೆರೂಸಲೇಮು ಸುಟ್ಟು ಹಾಳಾದ ಮೇಲೆ. ಹಬಕ್ಕೂಕ 3:17-18ರಲ್ಲಿ ಅಂಜೂರ ಇಲ್ಲ, ದ್ರಾಕ್ಷಿ ಇಲ್ಲ, ಎಣ್ಣೆಮರ ಕೈಕೊಟ್ಟಿದೆ, ಹೊಲದಲ್ಲಿ ಕಾಳಿಲ್ಲ, ಹಟ್ಟಿಯಲ್ಲಿ ದನ ಇಲ್ಲ. ಒಂದೊಂದನ್ನೂ ಹೆಸರಿಟ್ಟು ಎಣಿಸಿದ ಮೇಲೇ ಅವನು "ಆದರೂ" ಅನ್ನುತ್ತಾನೆ.

ನೀವೂ ಹಾಗೇ ಮಾಡಿ. ಹೋದದ್ದನ್ನು ಮೊದಲು ಎಣಿಸಿ ಬರೆಯಿರಿ, ಚೀಲದ ಲೆಕ್ಕದಲ್ಲಿ, ಸಾಲದ ಲೆಕ್ಕದಲ್ಲಿ. ಅದೇ ಪುಟದ ಕೆಳಗೆ ಆ ವರ್ಷವೂ ಬಂದದ್ದೇನು ಅಂತ ಬರೆಯಿರಿ. ಸೂರ್ಯ ಬೇವಿನ ಮರಕ್ಕೆ ಬಂದನಾ? ಹಿಂಡು ಬಂತಾ? ಬೇವು ಯುಗಾದಿ ಹೊತ್ತಿಗೆ, ಅಷ್ಟು ಬಿಸಿಲಿನಲ್ಲಿ, ಹೊಸ ಎಲೆ ಬಿಟ್ಟಿತಾ? "ಆದರೂ" ಬರೆಯಲು ಮನಸ್ಸಾಗದಿದ್ದರೆ ಜಾಗ ಖಾಲಿ ಬಿಡಿ. ಅಮಾವಾಸ್ಯೆಗೂ ಲೆಕ್ಕದಲ್ಲಿ ಜಾಗ ಇದೆ ಅಂತ ಮೂರನೇ ಹಂತದಲ್ಲಿ ಬರೆದುಕೊಂಡಿದ್ದೀರಿ.

ಪದೇ ಪದೇ ಆಗುವ ತಪ್ಪುಗಳು

ಬದನೆಕಾಯಿ ಹೆಚ್ಚಿದಾಗ ಶಿಲುಬೆ ಕಂಡಿತು, ಮೋಡದಲ್ಲಿ ಮುಖ ಕಂಡಿತು ಅಂತ ವಾಟ್ಸಾಪಿನಲ್ಲಿ ಕಳಿಸುವುದು. ದಯವಿಟ್ಟು ಬೇಡ. ಬದನೆಕಾಯಿ ಬದನೆಕಾಯಿಯಾಗಿ ಬಂದದ್ದೇ ಸಾಕಷ್ಟು ದೊಡ್ಡ ವಿಷಯ.

ಸ್ವಂತ ತೀರ್ಮಾನಕ್ಕೆ ಗುರುತು ಕೇಳುವುದು ಎರಡನೆಯದು. "ನಾಳೆ ಮಳೆ ಬಂದರೆ ಈ ಸಂಬಂಧ ದೇವರ ಚಿತ್ತ" ಅನ್ನುವಂಥದ್ದು. ಜುಲೈನಲ್ಲಿ ಹೀಗೆ ಕೇಳಿ ಮದುವೆ ಆದವರನ್ನು ಕಂಡಿದ್ದೇನೆ, ಅದರ ಮುಂದಿನ ಕಥೆ ಇಲ್ಲಿ ಬೇಡ.

ಸೃಷ್ಟಿಯನ್ನೇ ದೇವರು ಅನ್ನುವುದು ಇನ್ನೊಂದು. ಸಾಕ್ಷಿ ಬೇರೆ, ಸಾಕ್ಷಿ ಯಾರ ಪರವಾಗಿ ನಿಂತಿದ್ದಾನೋ ಅವನು ಬೇರೆ. ಇದರ ಉಲ್ಟಾ ತಪ್ಪೂ ಇದೆ: ದೇವರು ನೋಡಿಕೊಳ್ಳುತ್ತಾನೆ ಅಂತ ಕೆರೆಗೆ ಕಸ ಸುರಿಯುವುದು. ಪಿಕ್‌ನಿಕ್ಕಿಗೆ ಕೆರೆಗೆ ಹೋದ ಯುವಜನ ಕೂಟ ಪ್ಲಾಸ್ಟಿಕ್ ತಟ್ಟೆ ಅಲ್ಲೇ ಬಿಟ್ಟು ಸ್ತೋತ್ರ ಹಾಡುತ್ತಾ ಬಂದರೆ ಹಕ್ಕಿಗಳು ಏನಂತ ತಿಳಿಯಬೇಕು?

ನೋಟ್‌ಬುಕ್ ಹೇಗೆ ಇಡಬೇಕು

ಎಡಗಡೆ ಪುಟದಲ್ಲಿ ಮಾತ್ರ ಬರೆಯಿರಿ. ತಾರೀಖು, ಹೊತ್ತು, ಕಂಡದ್ದು, ಓದಿದ ವಾಕ್ಯದ ಸಂಖ್ಯೆ, ಒಂದು ಸಾಲಿನ ಪ್ರಾರ್ಥನೆ. ಪ್ರಾರ್ಥನೆಯಲ್ಲಿ ದೊಡ್ಡ ಮಾತು ಬೇಕಿಲ್ಲ. "ಸ್ವಾಮಿ, ಇವತ್ತು ಕಪ್ಪೆ ಕೂಗಿದವು" ಅಂದರೆ ಅವನಿಗೆ ತಿಳಿಯುತ್ತದೆ. ದಿನಾ ಬರೆಯಲಾಗದಿದ್ದರೆ ವಾರಕ್ಕೆರಡು ಸಲ. ತಪ್ಪಿಹೋದ ವಾರಗಳನ್ನು ಆಮೇಲೆ ಕೂತು ತುಂಬಬೇಡಿ.

ಬಲಗಡೆ ಪುಟ ಪೂರ್ತಿ ಖಾಲಿ ಇರಲಿ. ಅದು ಮುಂದಿನ ವರ್ಷದ ಅದೇ ತಾರೀಖಿಗೆ. ಕಳೆದ ಜೂನ್ 9ರ ಎದುರಿಗೆ ಈ ಜೂನ್ 9 ಕೂರುತ್ತದೆ. ನನ್ನ ಪುಸ್ತಕದಲ್ಲಿ ಒಂದು ಕಡೆ "ಮಿರಗದ ಹುಳ, ಬಾವಿ ಹತ್ತಿರ, ಬೆಳಗ್ಗೆ 7" ಅಂತಿದೆ. ಎದುರು ಪುಟದಲ್ಲಿ "ಇನ್ನೂ ಇಲ್ಲ" ಅಂತಿದೆ, ಅದರ ಕೆಳಗೆ ಮತ್ತೆ "ಇನ್ನೂ ಇಲ್ಲ", ಅದರ ಕೆಳಗೆ ಬೇರೆ ಪೆನ್ನಿನಲ್ಲಿ, ಹನ್ನೊಂದು ದಿನ ತಡವಾಗಿ, "ಬಂದವು".